ಕುಂಚ ತೊಳೆಯಲು ಎರಡು ಲೋಟ

ಎಂಟನೇ ಕ್ಲಾಸಿನಲ್ಲಿ ನಾನು ಡ್ರಾಯಿಂಗ್ ಲೋಯರ್ ಪರೀಕ್ಷೆ ಕಟ್ಟಿ ಫೇಲಾದೆ. ನಮ್ಮಪ್ಪ ಅದೇ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಾಗಾಗಿ ಅದು ಮನೆಯೊಳಗಿನ ಸುದ್ದಿಯಾಗಿ ಉಳಿಯಲಿಲ್ಲ. ಸ್ಕೇಲು, ಕೈವಾರ ಹಿಡಿದು ಮಾಡುವ ಚಿತ್ರಗಳಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಫ್ರೀ ಹ್ಯಾಂಡ್ ಬಂತೆಂದರೆ ಕೈ ನಡುಗುತ್ತಿತ್ತು. ಒಂದು ಹೂಜಿ ಬರೆಯಲು ಕೊಟ್ಟರೆ ಅದರ ಎಡಭಾಗ ಒಂದು ಮನೆತನಕ್ಕೂ ಬಲಭಾಗ ಇನ್ನೊಂದು ಮನೆತನಕ್ಕೂ ಸೇರಿದಂತೆ ಕಾಣುತ್ತಿತ್ತು. ಅಪ್ಪ ಬೈಯಲಿಲ್ಲ. ಮುಂದಿನ ವರ್ಷ ಮತ್ತೆ ಕಟ್ಟು ಅಂತಲೂ ಹೇಳಲಿಲ್ಲ. ಅದೇ ಹೆಚ್ಚು ನೋವಾಯಿತು.

ಈಗ ನನಗೆ 28 ವರ್ಷ. ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಬೇರಿಂಗುಗಳು ಸವೆಯುವಾಗ ಹುಟ್ಟುವ ಕಂಪನ ನನ್ನ ವಿಷಯ. ಐದನೇ ವರ್ಷ ನಡೆಯುತ್ತಿದೆ, ಮೂರನೇ ಅಧ್ಯಾಯವನ್ನು ಏಳು ಸಲ ತಿದ್ದಿದ್ದೇನೆ. ಎಂಟನೇ ಸಲ ತಿದ್ದಬೇಕಾಗಿದ್ದ ಒಂದು ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಎರಡು ಸ್ಟೆಪ್ಪರ್ ಮೋಟಾರು, ಒಂದು ಆರ್ಡುಯಿನೋ ಬೋರ್ಡು, ಹಲ್ಲಿನ ಬೆಲ್ಟು, ಕುಂಚವನ್ನು ಎತ್ತಿ ಇಳಿಸಲು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಸರ್ವೋ ಮೋಟಾರು ಕೊಂಡು ತಂದೆ. ಹಾಸ್ಟೆಲ್ಲಿನಲ್ಲಿ ಯಾರೋ ಬಿಟ್ಟುಹೋಗಿದ್ದ ಮೇಜಿನ ಡ್ರಾಯರ್ ಚಾನೆಲ್ಲುಗಳೇ ಹಳಿಗಳಾದವು. ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಪ್ರಬಂಧ ಮುಗಿಸಲಾಗದ ಸಂಶೋಧನಾ ವಿದ್ಯಾರ್ಥಿಗಳು ಏನೇನೋ ಮಾಡುತ್ತಾರೆ. ನನ್ನ ಪಕ್ಕದ ರೂಮಿನವನು ಸ್ವೆಟರ್ ಹೆಣೆಯುವುದನ್ನು ಕಲಿತ.

ಆ ಮೋಟಾರು ಒಂದು ಸುತ್ತು ತಿರುಗಲು 200 ಹೆಜ್ಜೆ ಇಡುತ್ತದೆ. ಅದನ್ನು ನಡೆಸುವ ಡ್ರೈವರ್ ಒಂದೊಂದು ಹೆಜ್ಜೆಯನ್ನೂ ಮತ್ತೆ 16 ಚೂರು ಮಾಡುತ್ತದೆ. ಅಂದರೆ ಸುತ್ತಿಗೆ 3,200. ನಾನು ಹಾಕಿದ ಹಲ್ಲುಗಾಲಿ ಒಂದು ಸುತ್ತಿಗೆ ಬೆಲ್ಟನ್ನು 40 ಮಿಲಿಮೀಟರ್ ಎಳೆಯುತ್ತದೆ. ಲೆಕ್ಕ ಹಾಕಿದರೆ ಮಿಲಿಮೀಟರಿಗೆ 80 ಹೆಜ್ಜೆ! ಮೊದಲು ಪೆನ್ನು ಸಿಕ್ಕಿಸಿ ಒಂದು ಹೂಜಿ ಬರೆಸಿದೆ. ಎಡ ಬಲ ತದ್ರೂಪು. ರಾತ್ರಿ ಎರಡು ಗಂಟೆಯಲ್ಲಿ ಒಬ್ಬನೇ ಕೂತು ನಕ್ಕೆ.

ಪೆನ್ನು ತೆಗೆದು ಕುಂಚ ಕಟ್ಟಿದ ದಿನ ಆ ನಗು ಹೋಯಿತು. ಕುಂಚದ ಕೂದಲು ಬಾಗುತ್ತದೆ. ಹಿಡಿ ಮುಂದೆ ಹೋದರೂ ತುದಿ ಹಿಂದೆಯೇ ಉಳಿಯುತ್ತದೆ. ಗೇಣು ದೂರ ಎಳೆಯುವಷ್ಟರಲ್ಲಿ ಬಣ್ಣ ತೀರುತ್ತದೆ. ಅದ್ದಿ ತಂದರೆ ದಾರಿಯಲ್ಲೇ ತೊಟ್ಟಿಕ್ಕುತ್ತದೆ. ಒದ್ದೆಯಾದ ಕಾಗದ ಹಪ್ಪಳದಂತೆ ಉಬ್ಬಿ ಕುಂಚದ ಕಡೆಗೆ ತಾನೇ ಎದ್ದುಬರುತ್ತದೆ. ಎಂಬತ್ತು ಹೆಜ್ಜೆಯ ನಿಖರತೆ ಇಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಆಗ ನೆನಪಾದದ್ದು ಅಪ್ಪನ ಕೈ. ಕುಂಚವನ್ನು ಬಣ್ಣಕ್ಕೆ ಅದ್ದಿ, ಬಟ್ಟಲಿನ ಅಂಚಿಗೆ ಒಂದು ಸಲ ಒತ್ತಿ, ಬೆರಳಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಒತ್ತುತ್ತಿದ್ದರು. ಸಾವಿರ ಸಲ ನೋಡಿದ್ದೆ, ಅದೊಂದು ಕೆಲಸ ಅಂತಲೇ ಅನ್ನಿಸಿರಲಿಲ್ಲ. ಅದನ್ನು ಅಂಕಿಗಳಲ್ಲಿ ಬರೆಯಲು ನನಗೆ ಎರಡು ವಾರ ಬೇಕಾಯಿತು. ಬೆರಳಲ್ಲಿ ತಿರುಗಿಸುವುದನ್ನು ಮಾತ್ರ ಕೈಬಿಟ್ಟೆ. ಅದಕ್ಕೆ ಇನ್ನೊಂದು ಮೋಟಾರು ಬೇಕಿತ್ತು.

ಈ ಹುಚ್ಚು ನನ್ನೊಬ್ಬನದಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹಳಬರ ಕತೆಗಳನ್ನು ಓದತೊಡಗಿದೆ. 1959ರಲ್ಲಿ ಜಾನ್ ಟಿಂಗ್ವೆಲಿ ಪ್ಯಾರಿಸ್ಸಿನಲ್ಲಿ ಚಿತ್ರ ಗೀಚುವ ಯಂತ್ರಗಳನ್ನಿಟ್ಟು, ಆ ಕಾಲದ ಅಮೂರ್ತ ಚಿತ್ರಕಾರರನ್ನು ಗೇಲಿ ಮಾಡಿದ್ದ. ಅದು ತಮಾಷೆ. ನನ್ನ ಮನಸ್ಸಿನಲ್ಲಿ ನಿಂತವನು ಹೆರಾಲ್ಡ್ ಕೋಹೆನ್. 1966ರ ವೆನಿಸ್ ಬಿನಾಲೆಯಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿದ ಹೆಸರುವಾಸಿ ಚಿತ್ರಕಾರ ಆತ. ಎರಡು ವರ್ಷದ ನಂತರ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಪಾಠ ಹೇಳಲು ಹೋದವನು ಪ್ರೋಗ್ರಾಮಿಂಗ್ ಕಲಿತು, 'ಆರನ್' ಎಂಬ ಚಿತ್ರ ಬರೆಯುವ ಪ್ರೋಗ್ರಾಮನ್ನು ಕಟ್ಟತೊಡಗಿದ. 2016ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದ. ನನ್ನ ಮೂರನೇ ಅಧ್ಯಾಯಕ್ಕೆ ಇದಕ್ಕಿಂತ ದೊಡ್ಡ ಧೈರ್ಯ ಬೇಕೆ? ಆರನ್‌ಗೆ ಕಣ್ಣಿರಲಿಲ್ಲ, ಅಂದರೆ ಕ್ಯಾಮೆರಾ ಇರಲಿಲ್ಲ. ಅದು ಗೆರೆ ಎಳೆಯುತ್ತಿತ್ತು. ಬಣ್ಣವನ್ನು ಎಷ್ಟೋ ವರ್ಷ ಕೋಹೆನ್ ತನ್ನ ಕೈಯಾರೆ ತುಂಬಿದ. ಬಣ್ಣವನ್ನೂ ಹಚ್ಚುವ ಅವನ ಯಂತ್ರ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಮ್ಮಿನಲ್ಲಿ ಕಂಡದ್ದು 1995ರಲ್ಲಿ. ಗೆರೆಯಿಂದ ಬಣ್ಣಕ್ಕೆ ಬರಲು ಅವನಂಥವನಿಗೇ ಎರಡು ದಶಕ ಹಿಡಿಯಿತು ಎಂದು ತಿಳಿದ ಮೇಲೆ ನನಗೆ ನಿದ್ದೆ ಬಂತು.

ನಾನು ಹಿಡಿದ ದಾರಿ ಬೇರೆ. 2005ರ ಸುಮಾರಿನಿಂದ ಇಂಥ ರೋಬಾಟುಗಳನ್ನು ಕಟ್ಟುತ್ತಿರುವ ಅಮೆರಿಕದ ಪಿಂಡಾರ್ ವ್ಯಾನ್ ಆರ್ಮನ್ ಎಂಬ ಕಲಾವಿದನ ಯಂತ್ರಗಳು ಕ್ಯಾಮೆರಾದಲ್ಲಿ ತಮ್ಮ ಚಿತ್ರವನ್ನು ತಾವೇ ನೋಡಿಕೊಂಡು ಮುಂದಿನ ಗೆರೆ ಎಲ್ಲಿ ಎಂದು ತೀರ್ಮಾನಿಸುತ್ತವೆ. ನಾನೂ ಗಾಜು ಒಡೆದ ಹಳೆಯ ಮೊಬೈಲನ್ನು ಮೇಲೆ ಕಟ್ಟಿದೆ. ಇಪ್ಪತ್ತು ಗೆರೆಗೊಮ್ಮೆ ಅದು ಫೋಟೋ ತೆಗೆಯುತ್ತದೆ. ಮೂಲ ಚಿತ್ರಕ್ಕೂ ಇದಕ್ಕೂ ಎಲ್ಲಿ ವ್ಯತ್ಯಾಸ ಹೆಚ್ಚೋ ಅಲ್ಲಿಗೆ ಕುಂಚ ಹೋಗುತ್ತದೆ. ಚೆನ್ನಾಗಿಯೇ ನಡೆಯಿತು. ತೊಂದರೆ ಒಂದೇ, ವ್ಯತ್ಯಾಸ ಯಾವತ್ತೂ ಸೊನ್ನೆಯಾಗುವುದಿಲ್ಲ. ಆದ್ದರಿಂದ ಯಂತ್ರಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಸಾವಿರ ಗೆರೆಯಾದ ಮೇಲೆ ನಿಲ್ಲು ಅಂತ ಬರೆದೆ. ಸಾವಿರ ಯಾಕೆ ಎಂದರೆ ನನ್ನಲ್ಲಿ ಉತ್ತರವಿರಲಿಲ್ಲ, ಗುಂಡು ಸಂಖ್ಯೆ ಅಷ್ಟೆ.

ದೀಪಾವಳಿಗೆ ಅದನ್ನು ಬಿಚ್ಚಿ ಅಕ್ಕಿ ಮೂಟೆಯ ಚೀಲದಲ್ಲಿ ತುಂಬಿಕೊಂಡು ರೈಲಿನಲ್ಲಿ ಅರಸೀಕೆರೆಗೆ ಹೊರಟೆ. ಎದುರು ಸೀಟಿನ ಅಜ್ಜಿ ಹೊಲಿಗೆ ಮಿಷನ್ನಾ ಎಂದು ಕೇಳಿದರು. ಹೌದು ಅಂದೆ.

ಮನೆಯ ಹಜಾರದಲ್ಲಿ ಜೋಡಿಸಿ, ಕೆರೆ ಏರಿಯ ಫೋಟೋ ಒಂದನ್ನು ಕೊಟ್ಟು ಶುರು ಮಾಡಿದೆ. ಅಪ್ಪ ರಿಟೈರಾಗಿ ಆರು ವರ್ಷ. ಕುರ್ಚಿ ಎಳೆದುಕೊಂಡು ಕೂತರು. ಅಮ್ಮ ಬಂದು, "ಅಯ್ಯೋ, ತಾನೇ ಬರೀತದಲ್ಲೋ!" ಎಂದು ಬೆರಗಾದರು. ಪಕ್ಕದ ಮನೆ ಮಕ್ಕಳೂ ಬಂದರು. ಎಲ್ಲರೂ ಯಂತ್ರ ನೋಡುತ್ತಿದ್ದರು, ಅಪ್ಪ ಮಾತ್ರ ಕಾಗದ ನೋಡುತ್ತಿದ್ದರು.

ಅರ್ಧ ಗಂಟೆಯ ಮೇಲೆ ಬಾಯಿಬಿಟ್ಟರು. "ಇದು ಕುಂಚ ತೊಳೆಯೋದೇ ಇಲ್ವಲ್ಲೋ. ನೀಲಿ ಅದ್ದಿದ್ದನ್ನ ಹಾಗೇ ಹಳದಿಗೆ ಹಾಕ್ತದೆ."

"ತೊಳೀತದಪ್ಪ. ನೀರಿಗೆ ಅದ್ದಿ ಬರ್ತದೆ ನೋಡಿ."

"ಅದ್ದೋದೇ ತೊಳೆಯೋದಾ?" ಎಂದು ಎದ್ದುಹೋಗಿ ಒಂದು ಹಳೆಯ ಪಂಚೆಯ ತುಂಡು ತಂದರು. ಅಲ್ಲಿಂದ ಮುಂದೆ ಕುಂಚ ನೀರಿನಿಂದ ಎದ್ದಾಗಲೆಲ್ಲ ಅದನ್ನು ಹಿಡಿದು ಒರೆಸಿ ಬಿಡುತ್ತಿದ್ದರು. ಯಂತ್ರವೂ ಅಪ್ಪನೂ ಒಂದು ಲಯಕ್ಕೆ ಬಿದ್ದರು. ನನಗೆ ಏನೂ ಕೆಲಸ ಉಳಿಯಲಿಲ್ಲ.

ಎರಡು ಗಂಟೆ ಕಳೆದಿರಬೇಕು. ಏರಿ ಬಂದಿತ್ತು, ತೆಂಗಿನ ಮರಗಳು ಬಂದಿದ್ದವು, ನೀರಿನಲ್ಲಿ ಅವುಗಳ ನೆರಳೂ ಹೆಚ್ಚುಕಡಿಮೆ ಬಂದಿತ್ತು. ಯಂತ್ರ ಆಕಾಶಕ್ಕೆ ಮರಳಿ ಅದೇ ಜಾಗದಲ್ಲಿ ಮತ್ತೆ ಮತ್ತೆ ತಿಳಿನೀಲಿ ಬಳಿಯತೊಡಗಿತು. ಕಾಗದ ಜುಂಗು ಏಳುವ ಹಾಗಿತ್ತು. ಅಪ್ಪ ನನ್ನ ಮುಖ ನೋಡಿದರು. ನಾನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಅವರು ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದರು. "ಸಾಕು."

ಶಾಲೆಯಲ್ಲಿ ಹುಡುಗರ ಬೆನ್ನ ಹಿಂದೆ ನಿಂತು ಹೇಳುತ್ತಿದ್ದುದು ಇದೇ ಮಾತು. ಸಾಕು, ಕೈ ತೆಗಿ. ನನಗೆ ಹೇಳುವ ಸಂದರ್ಭ ಬಂದಿರಲಿಲ್ಲ, ನನ್ನ ಹೂಜಿಗಳು ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

ನಾನು ಕೂಗಾಡಿದೆ. ಕರೆಂಟು ಹೋದರೆ ಈ ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಅದನ್ನು ಮೂಲೆಗೆ ಮುಟ್ಟಿಸಿ ನೆನಪಿಸುವ ಸ್ವಿಚ್ಚುಗಳನ್ನು ನಾನೇ ದುಡ್ಡು ಉಳಿಸಲು ಹಾಕಿರಲಿಲ್ಲ. ಇನ್ನು ಆ ಚಿತ್ರವನ್ನು ಮುಂದುವರಿಸುವಂತಿರಲಿಲ್ಲ. "ಇನ್ನೂ ಮುಗಿದಿರಲಿಲ್ಲ, ನಿಮಗೇನು ಗೊತ್ತು?" ಅಂದುಬಿಟ್ಟೆ. ಮೂವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟ ಮನುಷ್ಯನಿಗೆ. ಅಮ್ಮ ಮಕ್ಕಳನ್ನು ಹೊರಗೆ ಕಳಿಸಿದರು. ಅಪ್ಪ ಪಂಚೆಯ ತುಂಡನ್ನು ಮಡಿಸಿ ಕಿಟಕಿಯ ಮೇಲಿಟ್ಟು ಹೋದರು. ಬೆಳಿಗ್ಗೆ ಎದ್ದಾಗ ಕಾಗದ ಅಲ್ಲಿರಲಿಲ್ಲ. ಹಲಗೆಗೆ ಪಿನ್ನು ಚುಚ್ಚಿ, ಕಾಗದದ ಉಬ್ಬು ಇಳಿಸಲು ನೆರಳಿನಲ್ಲಿ ಒಣಗಿಸಲು ಇಟ್ಟಿದ್ದರು. ದೂರದಿಂದ ನೋಡಿದೆ. ಆಕಾಶದ ಎಡ ಮೂಲೆಯಲ್ಲಿ ಬರಿ ಕಾಗದ ಹಾಗೇ ಉಳಿದಿತ್ತು. ಅಲ್ಲಿ ಬೆಳಕಿತ್ತು. ಅದನ್ನು ಅಪ್ಪನಿಗೆ ಹೇಳಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಲೆಕ್ಕವೆಲ್ಲ ಉಳಿದಿತ್ತು. ಅಪ್ಪ ಸ್ವಿಚ್ಚು ಆರಿಸಿದ್ದು 611ನೇ ಗೆರೆಗೆ. ಆ ಕ್ಷಣದ ವ್ಯತ್ಯಾಸ ಎಷ್ಟಿತ್ತೋ ಅದನ್ನೇ ಮಿತಿಯಾಗಿಟ್ಟು ಬೆಂಗಳೂರಿನಲ್ಲಿ ಇನ್ನೂ ಒಂಬತ್ತು ಚಿತ್ರ ಬರೆಸಿದೆ. ಒಂದು ತೀರಾ ಬೇಗ ನಿಂತಿತು, ಎರಡು ಕೆಸರಾದವು, ಉಳಿದವು ನೋಡುವ ಹಾಗಿರಲಿಲ್ಲ. ಗೈಡ್ ಬಳಿ ಹೋಗಿ ಮೂರನೇ ಅಧ್ಯಾಯವನ್ನು ಇದ್ದ ಹಾಗೆಯೇ ಕೊಟ್ಟು ಬಂದಿದ್ದೇನೆ. ಏನು ಹೇಳುತ್ತಾರೋ.

ಮೊನ್ನೆ ಫೋನಿನಲ್ಲಿ ಅಪ್ಪ ಊಟ ಆಯ್ತಾ ಅಂತ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಒಂದು ಲೋಟದ ನೀರು ಸಾಲದು ಕಣೋ. ಎರಡು ಇಡು. ಮೊದಲನೇದರಲ್ಲಿ ಬಣ್ಣ ಬಿಡ್ಲಿ, ಎರಡನೇದರಲ್ಲಿ ತೊಳೀಲಿ."

ಸಂಜೆ ಮೆಸ್ಸಿನಿಂದ ಇನ್ನೊಂದು ಸ್ಟೀಲ್ ಲೋಟ ತಂದಿಟ್ಟಿದ್ದೇನೆ. ಅದಿರುವ ಜಾಗವನ್ನು ಪ್ರೋಗ್ರಾಮಿಗೆ ಸೇರಿಸಬೇಕು.