ಹಿಮ ಹಿಡಿದ ಮೆಮೊರಿ

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಈ ಮೇಜಿನ ಹತ್ತಿರ ಬನ್ನಿ. ಇಲ್ಲಿ ನಡೆಯುತ್ತಿರುವುದು 2008ರ ಫೆಬ್ರವರಿಯಲ್ಲಿ ಜಗತ್ತಿಗೆ ತಿಳಿಯಲಿದೆ. ನೀವು ಅದಕ್ಕೂ ಮುಂಚೆ ಬಂದು ನಿಂತಿದ್ದೀರಿ. ಮೇಜಿನ ಮೇಲೊಂದು ಲ್ಯಾಪ್‌ಟಾಪ್ ಚಾಲೂ ಇದೆ. ಪರದೆ ಪಾಸ್‌ವರ್ಡ್ ಕೇಳುತ್ತಿದೆ. ಒಳಗಿನ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ. ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಕಾವಲಿಗಿರುವುದು 2001ರಲ್ಲಿ ಅಮೆರಿಕ ಮಾನಕವಾಗಿ ಒಪ್ಪಿಕೊಂಡ ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನ. ಅದರ 128 ಬಿಟ್‌ಗಳ ಕೀಲಿಯನ್ನು ಒಂದೊಂದಾಗಿ ಊಹಿಸುತ್ತ ಹೊರಟರೆ ಲೋಕದ ಕಂಪ್ಯೂಟರುಗಳೆಲ್ಲ ಸೇರಿದರೂ ಮುಗಿಯದು.

ಸಂಶೋಧಕರೊಬ್ಬರು ಲ್ಯಾಪ್‌ಟಾಪನ್ನು ಮಗುಚಿ ಸಣ್ಣ ಮುಚ್ಚಳದ ಸ್ಕ್ರೂ ಬಿಚ್ಚುತ್ತಾರೆ. ಯಂತ್ರ ಓಡುತ್ತಲೇ ಇದೆ. ಹಸಿರು ಪಟ್ಟಿಯ ಮೇಲೆ ಸಾಲಾಗಿ ಕೂತ ಕಪ್ಪು ಚಿಪ್‌ಗಳು ಕಾಣುತ್ತವೆ, ಅದೇ ಮೆಮೊರಿ. ಈಗ ಕೈಗೆ ಬಂದದ್ದು ಕೀಬೋರ್ಡಿನ ಧೂಳು ಊದುವ ಮಾಮೂಲಿ ಡಬ್ಬಿ. ಅದನ್ನು ತಲೆಕೆಳಗಾಗಿ ಹಿಡಿದು ಒತ್ತುತ್ತಾರೆ. ಗಾಳಿಯ ಬದಲು ದ್ರವ ಚಿಮ್ಮುತ್ತದೆ, ನೋಡನೋಡುತ್ತಲೇ ಚಿಪ್‌ಗಳ ಮೇಲೆ ಬಿಳಿ ಹಿಮ ಕಟ್ಟುತ್ತದೆ. ಅಲ್ಲೀಗ ಸುಮಾರು ಮೈನಸ್ 50 ಡಿಗ್ರಿ ಸೆಲ್ಸಿಯಸ್.

ಬ್ಯಾಟರಿ ಕಿತ್ತರು. ಪರದೆ ಕಪ್ಪಾಯಿತು.

ಕರೆಂಟು ಹೋದರೆ ಮೆಮೊರಿ ಖಾಲಿ ಎಂದು ನಾವೆಲ್ಲ ಓದಿದ್ದೇವೆ. ಆದರೆ ಪಕ್ಕದ ಪರದೆ ನೋಡಿ. ಹಿಮ ಹಿಡಿಸದ ಮೆಮೊರಿಯಲ್ಲಿ ಮೋನಾಲಿಸಾ ಚಿತ್ರ ತುಂಬಿ ವಿದ್ಯುತ್ ಕಡಿದಿದ್ದಾರೆ. 5 ಸೆಕೆಂಡ್ ಕಳೆದರೂ ಆಕೆಯ ಮುಖದಲ್ಲಿ ಒಂದು ಗೆರೆಯೂ ಕೆಟ್ಟಿಲ್ಲ. 30 ಸೆಕೆಂಡ್‌ಗೆ ಪಟ್ಟೆಗಳು ಮೂಡುತ್ತವೆ, 5 ನಿಮಿಷಕ್ಕೆ ಬಹುಪಾಲು ಅಳಿಸಿರುತ್ತದೆ. ಹಿಮ ಹಿಡಿದ ಚಿಪ್‌ನಲ್ಲಾದರೆ 10 ನಿಮಿಷದ ಮೇಲೂ ಶೇ 1ರಷ್ಟು ಬಿಟ್‌ಗಳು ಕೂಡ ಹಾಳಾಗಿರುವುದಿಲ್ಲ. ಇಷ್ಟು ಹೊತ್ತು ಸಾಕು. ಚಿಪ್ ಆಗಲೇ ಇನ್ನೊಂದು ಯಂತ್ರದೊಳಗೆ ಕೂತಿದೆ, ಹುಡುಕಾಟ ಶುರುವಾಗಿದೆ.

ಹುಡುಕುತ್ತಿರುವುದು ಡಿಸ್ಕಿನ ಕೀಲಿಯನ್ನು. ಡಿಸ್ಕ್ ಬಳಕೆಯಲ್ಲಿರುವಷ್ಟು ಹೊತ್ತೂ ಇಂಥ ತಂತ್ರಾಂಶ ಕೀಲಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಕೆಲಸ ಬೇಗ ಸಾಗಲೆಂದು ಎಇಎಸ್ ತಂತ್ರಾಂಶ 128 ಬಿಟ್ ಕೀಲಿಯನ್ನು ಮೊದಲೇ 176 ಬೈಟ್‌ಗಳಾಗಿ ಹಿಗ್ಗಿಸಿ ಇಟ್ಟುಕೊಳ್ಳುತ್ತದೆ; ಪ್ರತಿ ಭಾಗವೂ ಹಿಂದಿನ ಭಾಗದಿಂದ ಹುಟ್ಟಿದ್ದು. ಹೀಗಾಗಿ ಅಲ್ಲಲ್ಲಿ ಬಿಟ್ ಅಳಿಸಿಹೋಗಿದ್ದರೂ ಉಳಿದವುಗಳಿಂದ ಲೆಕ್ಕ ಹಾಕಿ ಪೂರ್ತಿ ಕೀಲಿಯನ್ನು ಎತ್ತಬಹುದು. ವೇಗಕ್ಕೆಂದು ಮಾಡಿಕೊಂಡ ಏರ್ಪಾಡೇ ಕಳ್ಳನಿಗೆ ಗುರುತಾಯಿತು. ಕೀಲಿ ಸಿಕ್ಕಿತು, ಡಿಸ್ಕ್ ತೆರೆಯಿತು. ಅಲೆಕ್ಸ್ ಹಾಲ್ಡರ್‌ಮನ್, ಎಡ್ ಫೆಲ್ಟನ್ ಸೇರಿ 9 ಜನರ ತಂಡ ಬಿಟ್‌ಲಾಕರ್, ಫೈಲ್‌ವಾಲ್ಟ್, ಡಿಎಂ-ಕ್ರಿಪ್ಟ್, ಟ್ರೂಕ್ರಿಪ್ಟ್ ಎಂಬ ನಾಲ್ಕು ಡಿಸ್ಕ್ ಎನ್‌ಕ್ರಿಪ್ಷನ್ ತಂತ್ರಾಂಶಗಳನ್ನೂ ಹೀಗೆ ದಾಟಿತು. ಎಇಎಸ್ ಗಣಿತದಲ್ಲಿ ಒಂದು ಬಿರುಕೂ ಕಂಡಿರಲಿಲ್ಲ.

ಹಾಗಾದರೆ ಎನ್‌ಕ್ರಿಪ್ಷನ್ ವ್ಯರ್ಥವೇ? ಖಂಡಿತ ಅಲ್ಲ. ಅದಿಲ್ಲದ ಕಡೆ ಏನಾಗುತ್ತದೆಂಬುದು 2006ರ ಮೇ ತಿಂಗಳಲ್ಲೇ ಗೊತ್ತಾಗಿತ್ತು. ಮೇರಿಲ್ಯಾಂಡಿನಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರರೊಬ್ಬರ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಹಾರ್ಡ್ ಡ್ರೈವ್ ಕಳುವಾದವು. ಸುಮಾರು 2.65 ಕೋಟಿ ಜನರ ವಿವರ ಅವುಗಳಲ್ಲಿ ಎನ್‌ಕ್ರಿಪ್ಟ್ ಆಗದೆ ಬಿದ್ದಿತ್ತು. ಜೂನ್ ಕೊನೆಗೆ ಎರಡೂ ಸಿಕ್ಕವು, ಮಾಹಿತಿಯನ್ನು ಯಾರೂ ತೆರೆದಂತಿಲ್ಲ ಎಂದು ಎಫ್‌ಬಿಐ ಹೇಳಿತು. ಆದರೂ 2009ರಲ್ಲಿ ಸರ್ಕಾರ 2 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಳ್ಳಬೇಕಾಯಿತು.

ಈಗ ನಿಮ್ಮದೇ ಕಚೇರಿಗೆ ಬನ್ನಿ. ಸಂಜೆ ಏಳು. ಟೆಂಡರಿಗೆ ಹಾಕಲಿರುವ ದರ, ಸಂಬಳದ ಪಟ್ಟಿ, ಗ್ರಾಹಕರ ಪ್ಯಾನ್ ಸಂಖ್ಯೆ ಎಲ್ಲವೂ ಈ ಲ್ಯಾಪ್‌ಟಾಪಿನಲ್ಲಿವೆ. ಮುಚ್ಚಳ ಮುಚ್ಚಿ, ಬ್ಯಾಗಿಗೆ ಹಾಕಿ, ಮೆಜೆಸ್ಟಿಕ್ ಬಸ್ಸು ಹತ್ತುತ್ತೀರಿ. ಯಂತ್ರ ಸ್ಲೀಪ್‌ನಲ್ಲಿದೆ, ಕೀಲಿ ಮೆಮೊರಿಯಲ್ಲಿ ಜೀವಂತವಾಗಿದೆ. ಬೀಗ ಹಾಕಿ ಬೀಗದ ಕೈಯನ್ನು ಅದರಲ್ಲೇ ಬಿಟ್ಟು ಹೋದಂತೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ಮೆಮೊರಿಯನ್ನು ಬೆಸುಗೆ ಹಾಕಿರುತ್ತಾರೆ, ಮರುಚಾಲನೆಯಾದಾಗ ಅದನ್ನು ಅಳಿಸುವ ವ್ಯವಸ್ಥೆಯೂ ಬಂದಿದೆ ನಿಜ. ಆ ಅಳಿಸುವ ವ್ಯವಸ್ಥೆಯನ್ನೇ ದಾಟಬಹುದೆಂದು 2018ರಲ್ಲಿ ಎಫ್-ಸೆಕ್ಯೂರ್ ಸಂಸ್ಥೆಯ ಇಬ್ಬರು ಸಂಶೋಧಕರು ತೋರಿಸಿದರು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಷ್ಟೋ ಕಚೇರಿಗಳಲ್ಲಿ ಬಿಟ್‌ಲಾಕರನ್ನು ಟಿಪಿಎಂ ಎಂಬ ಭದ್ರತಾ ಚಿಪ್ ಒಂದನ್ನೇ ನಂಬಿ ಹಾಕಿರುತ್ತಾರೆ. ಅಂಥ ಯಂತ್ರ ಆನ್ ಆದೊಡನೆ, ಯಾರ ಪಾಸ್‌ವರ್ಡನ್ನೂ ಕೇಳುವ ಮೊದಲೇ, ಕೀಲಿಯನ್ನು ತಾನಾಗಿ ಮೆಮೊರಿಗೆ ತಂದುಕೊಳ್ಳುತ್ತದೆ. ಅಲ್ಲಿ ಶಟ್‌ಡೌನ್ ಮಾಡಿದ್ದೂ ಸಾಲದು. ವಿಂಡೋಸ್ ಏಳುವ ಮುನ್ನವೇ ಕೇಳುವ ಪಿನ್ ಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ದಂಡಕ್ಕಿಂತ ದೊಡ್ಡದು, ನಂಬಿ ವಿವರ ಕೊಟ್ಟವರ ಮುಂದೆ ನಿಲ್ಲಬೇಕಾದ ಗಳಿಗೆ.

ದಯವಿಟ್ಟು ಇವತ್ತು ಕಚೇರಿ ಬಿಡುವಾಗ ಮುಚ್ಚಳ ಮುಚ್ಚಿ ಹೊರಡಬೇಡಿ, ಶಟ್‌ಡೌನ್ ಅಥವಾ ಹೈಬರ್ನೇಟ್ ಮಾಡಿ. ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಲಿಯ ಚೀಟಿ ಅದೇ ಬ್ಯಾಗಿನಲ್ಲಿದ್ದರೆ ತೆಗೆದು ಬೇರೆ ಕಡೆ ಇಡಿ. ಪಿನ್ ಇಲ್ಲದಿದ್ದರೆ ನಾಳೆಯೇ ಐಟಿ ನೋಡಿಕೊಳ್ಳುವವರಿಗೆ ಹೇಳಿ ಹಾಕಿಸಿ.