ಮೂರು ಅಂಕ

ನಮ್ಮ ಸಂಘದ ದೀಪಾವಳಿ ಕಾರ್ಯಕ್ರಮ ಇಲೆವೆನ್ ಪ್ಲಸ್ ಫಲಿತಾಂಶ ಬಂದ ಕೆಲವೇ ವಾರಗಳಿಗೆ ಬರುತ್ತದೆ. ಊಟದ ಸಾಲಿನಲ್ಲಿ ಆರನೇ ತರಗತಿಯ ಮಕ್ಕಳಿರುವ ಮನೆಯವರನ್ನು ಯಾರೂ ಏನೂ ಕೇಳುವುದಿಲ್ಲ. ಪಾಸಾಗಿದ್ದರೆ ಅವರೇ ಹೇಳಿರುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. 2023ರಲ್ಲಿ ನಾವು ಬಿಸಿಬೇಳೆಬಾತಿನ ತಟ್ಟೆ ಹಿಡಿದು ಆ ಸಾಲಿನಲ್ಲಿ ನಿಂತು ಹವಾಮಾನದ ಬಗ್ಗೆ ಬಹಳ ಮಾತಾಡಿದೆವು. ಆಮೇಲೆ, "ಅಪೀಲು ಹಾಕಿದಿರಂತಲ್ಲ, ಅದು ಹೇಗೆ ಮಾಡೋದು?" ಎಂದು ಗುಟ್ಟಾಗಿ ಫೋನ್ ಮಾಡಿ ಕೇಳಿದವರು ಏಳೆಂಟು ಮಂದಿ. ಇನ್ನೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡೋಣ ಎಂದುಕೊಂಡೆವು.

ಈಚೆಗೆ ಈ ದೇಶಕ್ಕೆ ಬಂದವರಿಗಾಗಿ ಎರಡು ಮಾತು. 1944ರ ಶಿಕ್ಷಣ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಹನ್ನೊಂದು ವರ್ಷ ತುಂಬುವ ಹೊತ್ತಿಗೆ ಪರೀಕ್ಷೆ ಮಾಡಿ, ಗೆದ್ದವರನ್ನು ಗ್ರಾಮರ್ ಶಾಲೆಗೂ ಉಳಿದವರನ್ನು ಬೇರೆ ಶಾಲೆಗೂ ಕಳಿಸುವ ಪದ್ಧತಿ ಬೇರೂರಿತು. 1965ರಿಂದೀಚೆಗೆ ಹೆಚ್ಚಿನ ಕಡೆ ಅದನ್ನು ಕೈಬಿಟ್ಟರು. 1998ರ ಕಾಯ್ದೆ ಹೊಸ ಗ್ರಾಮರ್ ಶಾಲೆ ತೆರೆಯುವುದನ್ನೇ ನಿಲ್ಲಿಸಿತು. ಉಳಿದಿರುವುದು ಇಡೀ ಇಂಗ್ಲೆಂಡಿನಲ್ಲಿ 163. ಅದರಲ್ಲಿ 13 ನಾವಿರುವ ಬಕಿಂಗ್‌ಹ್ಯಾಮ್‌ಶೈರ್‌ನಲ್ಲೇ ಇವೆ. ಇಲ್ಲಿ ಪರೀಕ್ಷೆ ಸೆಪ್ಟೆಂಬರಿನಲ್ಲಿ, ಫಲಿತಾಂಶ ಅಕ್ಟೋಬರಿನಲ್ಲಿ. ಮಗುವಿನ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಂಕವನ್ನು ಸರಿಹೊಂದಿಸುತ್ತಾರೆ. 121 ಬಂದರೆ ಅರ್ಹ. ನಮ್ಮ ಮಗನಿಗೆ 118 ಬಂತು.

"ಮೂರು ಅಂಕ ಅಂದ್ರೆ ಎಷ್ಟು ಪ್ರಶ್ನೆ ಅಮ್ಮ?" ಎಂದು ಅವನು ಕೇಳಿದ. ಸರಿಹೊಂದಿಸಿದ ಅಂಕವಾದ್ದರಿಂದ ಅದನ್ನು ಹಾಗೆ ಪ್ರಶ್ನೆಗಳಾಗಿ ಬಿಡಿಸಿ ಹೇಳಲು ಬರುವುದಿಲ್ಲ. ಒಂದು ವಾರ ಅವನು ತನ್ನಷ್ಟಕ್ಕೆ ತಾನೇ ಆ ಪ್ರಶ್ನೆಗಳನ್ನು ಹುಡುಕುತ್ತಿದ್ದ. ಹಲ್ಲುಜ್ಜುತ್ತ ನಿಂತವನು ಥಟ್ಟನೆ, "ಆ ತ್ರಿಕೋನದ್ದು ತಪ್ಪಾಯ್ತು ಅನ್ಸುತ್ತೆ" ಎನ್ನುತ್ತಿದ್ದ.

ಅಪೀಲು ಎಂದ ಕೂಡಲೇ ನಮ್ಮಂಥವರ ತಲೆಗೆ ಬರುವುದು ಎಸ್ಸೆಸ್ಸೆಲ್ಸಿಯ ಮರುಎಣಿಕೆ, ಮರುಮೌಲ್ಯಮಾಪನ. ದುಡ್ಡು ಕಟ್ಟು, ಉತ್ತರಪತ್ರಿಕೆಯ ನಕಲು ತರಿಸು, ಎಲ್ಲಿ ಅರ್ಧ ಅಂಕ ಬಿಟ್ಟುಹೋಗಿದೆ ನೋಡು. ಊರಿನಿಂದ ಭಾವನವರು ಫೋನಿನಲ್ಲಿ ಹೇಳಿದ್ದೂ ಅದನ್ನೇ: "ಮೂರೇ ತಾನೆ, ರೀವ್ಯಾಲ್ಯುಯೇಷನ್‌ಗೆ ಹಾಕಿ, ಬಂದೇ ಬರುತ್ತೆ." ಇಲ್ಲಿಯ ಅಪೀಲು ಆ ಜಾತಿಯದಲ್ಲ. ಅಂಕ ಎಷ್ಟೋ ಅಷ್ಟೇ, ಅದನ್ನು ಯಾರೂ ತಿದ್ದುವುದಿಲ್ಲ. ಅಂಕ ಕಡಿಮೆ ಬಂದರೂ ಈ ಹುಡುಗ ಆ ಮಟ್ಟದವನು ಎನ್ನುವುದಕ್ಕೆ ಬೇರೆ ಏನು ಆಧಾರವಿದೆ ಎಂಬುದೇ ಪ್ರಶ್ನೆ. ಉತ್ತರಪತ್ರಿಕೆ ಬಿಟ್ಟು ಹುಡುಗನನ್ನು ನೋಡಿ ಎಂದು ಕೇಳಿಕೊಳ್ಳುವುದು ಅದು. ಕೇಳಲು ಚೆನ್ನಾಗಿದೆ. ಆದರೆ ಹುಡುಗನನ್ನು ಮೂವರು ಅಪರಿಚಿತರಿಗೆ ಕಾಗದದ ಮೇಲೆ ತೋರಿಸಬೇಕಾದವರು ನಾವೇ. ಅವನೂ ಅದೇ ಮನೆಯಲ್ಲಿ, ಮಹಡಿ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿರುತ್ತಾನೆ.

ನಮ್ಮ ಕಡೆ ಎರಡು ಬಾಗಿಲುಗಳಿವೆ, ಇದನ್ನು ಗಮನವಿಟ್ಟು ಓದಿ. ಮೊದಲನೆಯದು ರಿವ್ಯೂ. ಫಲಿತಾಂಶ ಬಂದ ಕೆಲ ವಾರಗಳೊಳಗೆ ಅರ್ಜಿ ಕೊಟ್ಟರೆ ಮುಖ್ಯೋಪಾಧ್ಯಾಯರ ಒಂದು ಸಮಿತಿ ಶಾಲೆಯ ದಾಖಲೆಗಳನ್ನು ನೋಡಿ ತೀರ್ಮಾನಿಸುತ್ತದೆ. ಎರಡನೆಯದು, ಮಾರ್ಚ್ 1ಕ್ಕೆ ಶಾಲೆಗಳ ಹಂಚಿಕೆಯಾದ ನಂತರ ಸ್ವತಂತ್ರ ಸಮಿತಿಯ ಮುಂದೆ ಹೋಗುವ ಅಪೀಲು. ರಿವ್ಯೂನಲ್ಲಿ ಆಗದೆ ಅಪೀಲಿಗೆ ಹೋದರೆ ಆ ಸಮಿತಿ ಮೊದಲು ನೋಡುವುದು ರಿವ್ಯೂ ನ್ಯಾಯವಾಗಿ, ಎಲ್ಲರಿಗೂ ಒಂದೇ ರೀತಿಯಲ್ಲಿ, ಪಕ್ಷಪಾತವಿಲ್ಲದೆ ನಡೆಯಿತೇ ಎಂಬುದನ್ನು ಮಾತ್ರ. ನಡೆದಿದೆ ಎಂದಾದರೆ ಮಗುವಿನ ಸಾಮರ್ಥ್ಯದ ಮಾತು ಅಲ್ಲಿಗೇ ಮುಗಿಯಿತು. ರಿವ್ಯೂ ಬಿಟ್ಟು ನೇರವಾಗಿ ಅಪೀಲಿಗೆ ಹೋದರೆ ಸಾಮರ್ಥ್ಯದ ಆಧಾರಗಳನ್ನೇ ನೋಡುತ್ತಾರೆ, ಆದರೆ ಬೇಸಿಗೆಯವರೆಗೆ ಕಾಯಬೇಕು. ನಮ್ಮ ಗೆಳೆಯರ ಮಗಳಿಗೆ ರಿವ್ಯೂನಲ್ಲೇ ಆಯಿತು. ನಾವು ಅಪೀಲಿಗೆ ಕಾದೆವು. ಕಾರಣ ಕೇಳಿದರೆ ಆ ವರ್ಷದ ಆಗಸ್ಟ್ ತಿಂಗಳ ಕಥೆ ಹೇಳಬೇಕಾಗುತ್ತದೆ.

ಆಗಸ್ಟಿನಲ್ಲಿ ಹಾಸನದಲ್ಲಿ ಅವನ ತಾತ ತೀರಿಕೊಂಡರು. ನಮ್ಮಲ್ಲಿ ಒಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ. ಸಿಕ್ಕ ವಿಮಾನ ಹತ್ತಿ ಮೂವರೂ ಹೋದೆವು, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮುಗಿಸಿ ಹೊರಟು ಬಂದೆವು. ಬಂದು ಎರಡು ವಾರ ಆಗುವುದರೊಳಗೆ ಪರೀಕ್ಷೆ. ತಾತನಿಗೂ ಮೊಮ್ಮಗನಿಗೂ ಭಾನುವಾರ ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ನಡೆಯುತ್ತಿತ್ತು. ತಾತ ನಿವೃತ್ತ ಲೆಕ್ಕದ ಮೇಷ್ಟರು. ಹುಡುಗ ಭಿನ್ನರಾಶಿ ಕಲಿತದ್ದು ಅಲ್ಲಿಂದಲೇ. ಊರಿಂದ ಬಂದ ಮೇಲೆ ಅವನು ಲೆಕ್ಕದ ಪುಸ್ತಕ ತೆರೆಯುತ್ತಿದ್ದ, ಸುಮ್ಮನೆ ನೋಡುತ್ತಿದ್ದ, ಮುಚ್ಚುತ್ತಿದ್ದ. ನವೆಂಬರಿನವರೆಗೂ ಹಾಗೇ ಇತ್ತು. ರಿವ್ಯೂಗೆ ಹೋಗಿದ್ದರೆ ಅವನ ಅತಿ ಮಂಕಾದ ಆ ಎರಡು ತಿಂಗಳೇ ಕಾಗದದಲ್ಲಿ ಮುಂದೆ ಕಾಣುತ್ತಿದ್ದವು. ಕಾದರೆ ಐದನೇ ತರಗತಿಯ ವರದಿಯ ಜೊತೆಗೆ ವಸಂತದ ಹೊತ್ತಿನ ಕೆಲಸವೂ ಸೇರುತ್ತದೆ ಎಂದು ಅವನ ಪ್ರೈಮರಿ ಶಾಲೆಯ ಮುಖ್ಯೋಪಾಧ್ಯಾಯಿನಿ ಹೇಳಿದರು. ನಮಗೂ ಅದು ಸರಿ ಕಂಡಿತು.

ಅಪೀಲಿನ ಕಾಗದದಲ್ಲಿ ತಾತನನ್ನು ಬರೆಯಬೇಕೋ ಬೇಡವೋ ಎಂಬುದರ ಮೇಲೆ ನಮ್ಮಿಬ್ಬರಲ್ಲಿ ಮೂರು ವಾರ ಜಗ್ಗಾಟ ನಡೆಯಿತು. ನಡೆದದ್ದನ್ನು ಹೇಳುವುದರಲ್ಲಿ ಸಂಕೋಚವೇನು ಎಂದು ಒಬ್ಬರು. ಸಾವನ್ನು ಅರ್ಜಿಗೆ ಲಗತ್ತಿಸಿ ಮೂರು ಅಂಕ ಕೇಳುವುದು ಹೇಗೆ ಎಂದು ಇನ್ನೊಬ್ಬರು. ಮರಣ ಪ್ರಮಾಣಪತ್ರದ ನಕಲು ತರಿಸಿದ್ದೂ ಆಯಿತು. ಅದರಲ್ಲಿ ಕನ್ನಡ ಇಂಗ್ಲಿಷ್ ಎರಡೂ ಇದ್ದುದರಿಂದ ಅನುವಾದದ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಅದನ್ನು ಫೈಲಿನಲ್ಲಿ ಎಷ್ಟನೆಯ ಪುಟವಾಗಿ ಇಡಬೇಕು ಎಂಬುದರಲ್ಲಿ. ಕೊನೆಗೆ ಅವನನ್ನೇ ಕೂರಿಸಿಕೊಂಡು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ. ಆದ್ರೆ ತಾತ ಇಂದ ನಾನು ಫೇಲ್ ಆದೆ ಅಂತ ಬರೀಬೇಡಿ" ಎಂದ. ಈ ದೇಶದಲ್ಲೇ ಹುಟ್ಟಿದ ಹುಡುಗನ ಕನ್ನಡ, ವ್ಯಾಕರಣ ಹಾಗೇ ಬಿಟ್ಟಿದ್ದೇವೆ. ಯಾವ ತಾರೀಖು ತೀರಿಕೊಂಡರು, ಯಾವ ತಾರೀಖು ನಾವು ಹಿಂತಿರುಗಿದೆವು, ಇಷ್ಟನ್ನು ಒಂದೇ ವಾಕ್ಯದಲ್ಲಿ ಬರೆದು ನಿಲ್ಲಿಸಿದೆವು. ಕಾರಣವಾಗಿ, ಆದ್ದರಿಂದ, ಇಂಥ ಒಂದು ಪದವನ್ನೂ ಸೇರಿಸಲಿಲ್ಲ.

ಇನ್ನು ಉಳಿದ ಕಾಗದಗಳು. ಹಿತೈಷಿಗಳ ಸಲಹೆಯಂತೆ ನಡೆದಿದ್ದರೆ ಈಜಿನ ಬ್ಯಾಡ್ಜು, ಚೆಸ್ಸಿನ ಪದಕ, ಮೃದಂಗದ ಪ್ರಮಾಣಪತ್ರ, ಶನಿವಾರದ ಕನ್ನಡ ತರಗತಿಯ ಫೋಟೋ ಎಲ್ಲ ಸೇರಿ ಫೈಲು ಮದುವೆ ಆಲ್ಬಮ್ಮಿನಷ್ಟು ದಪ್ಪವಾಗುತ್ತಿತ್ತು. ಇವು ಒಳ್ಳೆಯ ಮಗು ಎನ್ನಲು ಸಾಕು, ಓದಿನ ಮಟ್ಟಕ್ಕೆ ಸಾಕ್ಷಿಯಲ್ಲ. ಅಪೀಲುಗಳಿಗೆಂದೇ ಇರುವ ಸರ್ಕಾರಿ ನಿಯಮಾವಳಿಯನ್ನು ಯಾರು ಬೇಕಾದರೂ ಓದಬಹುದು. ಅದು ಉದಾಹರಣೆಗೆ ಹೆಸರಿಸುವುದು ಶಾಲೆಯ ವರದಿಗಳನ್ನು, ಮತ್ತು ಈ ಮಗುವಿಗೆ ಗ್ರಾಮರ್ ಶಾಲೆಯ ಮಟ್ಟವಿದೆ ಎಂದು ಯಾಕೆ ಅನ್ನಿಸುತ್ತದೆಂಬುದನ್ನು ಸ್ಪಷ್ಟವಾಗಿ ಹೇಳುವ ಶಾಲೆಯ ಪತ್ರವನ್ನು. ಸಮಿತಿ ತಾನೇ ಮಗುವಿಗೆ ಹೊಸ ಪರೀಕ್ಷೆ ಕೊಟ್ಟು ನೋಡುವಂತಿಲ್ಲ. ಹಾಗಾಗಿ "ಅಪೀಲಿಗೆ ಟ್ಯೂಷನ್" ಎಂದು ಯಾರಾದರೂ ದುಡ್ಡು ಕೇಳಿದರೆ ಕೈಮುಗಿದು ಬನ್ನಿ. ನಮ್ಮ ಫೈಲು ಹನ್ನೊಂದು ಹಾಳೆ. ಐದು ಮತ್ತು ಆರನೇ ತರಗತಿಯ ವರದಿ, ಓದುವಿಕೆ ಮತ್ತು ಗಣಿತದ ಶಾಲಾ ಪರೀಕ್ಷೆಗಳ ಅಂಕ, ಮುಖ್ಯೋಪಾಧ್ಯಾಯಿನಿಯ ಎರಡು ಪುಟದ ಪತ್ರ, ನಮ್ಮದೊಂದು ಪುಟ, ಮತ್ತು ಆ ಪ್ರಮಾಣಪತ್ರ. ನಮ್ಮ ಪುಟದಲ್ಲಿ ನಾವು ಎಷ್ಟು ಕಷ್ಟಪಟ್ಟು ಈ ದೇಶಕ್ಕೆ ಬಂದೆವು ಎಂದು ಬರೆದಿದ್ದ ಪ್ಯಾರಾ ಒಂದಿತ್ತು. ಬಹಳ ಚೆನ್ನಾಗಿತ್ತು ಕೂಡ. ಅದರಲ್ಲಿ ಹುಡುಗ ಎಲ್ಲೂ ಇರಲಿಲ್ಲವಾದ್ದರಿಂದ ಹೊಡೆದುಹಾಕಿದೆವು.

ವಿಚಾರಣೆ 2024ರ ಜೂನ್‌ನಲ್ಲಿ. ಉದ್ದನೆಯ ಮೇಜು, ನೀರಿನ ಹೂಜಿ, ನಮ್ಮ ಕುರ್ಚಿಗಳ ಎದುರಿಗೇ ಒಂದು ಟಿಶ್ಯೂ ಡಬ್ಬಿ. ಅದನ್ನು ನೋಡಿಯೇ ನಾವಿಬ್ಬರೂ ಅದನ್ನು ಮುಟ್ಟಬಾರದು ಎಂದು ತೀರ್ಮಾನಿಸಿದ್ದೆವೆಂದು ಆಮೇಲೆ ಕಾರಿನಲ್ಲಿ ಗೊತ್ತಾಯಿತು. ಸಮಿತಿಯಲ್ಲಿ ಕನಿಷ್ಠ ಮೂವರಿರಬೇಕು, ಅವರಲ್ಲಿ ಶಿಕ್ಷಣ ಕ್ಷೇತ್ರದ ಅನುಭವವಿರುವವರೂ ಅದರ ಸಂಬಂಧವಿಲ್ಲದ ಸಾಮಾನ್ಯ ನಾಗರಿಕರೂ ಇರಬೇಕೆಂದು ನಿಯಮ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ಬಂದವರು ಅವರು. ಮೊದಲು ಶಾಲೆಯ ಕಡೆಯವರು 180 ಸೀಟೂ ತುಂಬಿದೆ, ಪ್ರಯೋಗಾಲಯದಲ್ಲಿ ಸ್ಟೂಲಿಗೂ ಜಾಗವಿಲ್ಲ ಎಂದು ಅಂಕಿ ಸಂಖ್ಯೆ ಸಮೇತ ವಿವರಿಸಿದರು. ಆಮೇಲೆ ನಮ್ಮ ಸರದಿ. ಆ ಒಂದು ವಾಕ್ಯದ ಹತ್ತಿರ ಬಂದಾಗ ಅಧ್ಯಕ್ಷೆ ತಲೆಯೆತ್ತಿ, ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ ಎಂದಷ್ಟೇ ಹೇಳಿ ಪುಟ ತಿರುಗಿಸಿದರು. ಪ್ರಶ್ನೆಗಳೆಲ್ಲ ಬೇರೆ ಕಡೆಯಿಂದ ಬಂದವು. ಏನು ಓದುತ್ತಾನೆ? ಗೊತ್ತಿಲ್ಲದ ಲೆಕ್ಕ ಬಂದರೆ ಏನು ಮಾಡುತ್ತಾನೆ? ಇದಕ್ಕೆ ನಾವು ಸಿದ್ಧಪಡಿಸಿಕೊಂಡಿದ್ದ ಉತ್ತರ ಬಿಟ್ಟು, "ಬಾಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಾನೆ, ಕನ್ನಡದಲ್ಲಿ" ಎಂಬ ಮಾತು ಬಾಯಿಗೆ ಬಂತು. ಮುಕ್ಕಾಲರ ಮಗ್ಗಿ ಎಂದರೇನೆಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಅದರಲ್ಲಿ ಮೃದುವಾಗಿ ಮಾತಾಡುತ್ತಿದ್ದ ಒಬ್ಬ ಹಿರಿಯರು ತಾವೂ ಹೇಳಿ ನೋಡಿದರು.

ಐದು ಶಾಲಾ ದಿನಗಳೊಳಗೆ ಪತ್ರ ಬಂತು. ಹುಡುಗ ಗ್ರಾಮರ್ ಶಾಲೆಯ ಮಟ್ಟದವನು ಎಂಬುದಕ್ಕೆ ಆಧಾರವಿದೆ ಎಂದು ಒಪ್ಪಿದ್ದರು. ಆದರೆ ತುಂಬಿದ ಶಾಲೆಗೆ ಇನ್ನೊಬ್ಬರನ್ನು ಸೇರಿಸಿದರೆ ಆಗುವ ತೊಂದರೆಯನ್ನು ಮೀರಿಸುವಷ್ಟು ಬಲ ನಮ್ಮ ವಾದಕ್ಕಿಲ್ಲ, ಆದ್ದರಿಂದ ಸೀಟಿಲ್ಲ. ಸಮಿತಿಯ ತೀರ್ಪೇ ಕೊನೆ. ವಿಚಾರಣೆ ನಡೆದ ರೀತಿಯಲ್ಲಿ ಲೋಪವಿದ್ದರೆ ದೂರಬಹುದು, ತೀರ್ಪು ಹಿಡಿಸಲಿಲ್ಲವೆಂದು ದೂರುವಂತಿಲ್ಲ. ಲೋಪವೇನೂ ಇರಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಒಂಬತ್ತನೆಯವನಾಗಿದ್ದವನು ಆಗಸ್ಟಿನ ಹೊತ್ತಿಗೆ ನಾಲ್ಕಕ್ಕೆ ಬಂದ. ಅಲ್ಲೇ ನಿಂತ.

ಪತ್ರವನ್ನು ಅವನಿಗೇ ಓದಲು ಕೊಟ್ಟೆವು. ಎರಡನೆಯ ಪ್ಯಾರಾವನ್ನು ಎರಡು ಸಲ ಓದಿದ. "ಹಂಗಾದ್ರೆ ನಾನು ಫೇಲ್ ಅಲ್ಲ, ಫುಲ್" ಎಂದ. ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ನಕ್ಕ, ನಾವೂ ನಕ್ಕೆವು. ಸೆಪ್ಟೆಂಬರಿನಲ್ಲಿ ಮನೆಯಿಂದ ಹದಿನೈದು ನಿಮಿಷ ನಡೆದರೆ ಸಿಗುವ ಶಾಲೆಗೆ ಸೇರಿದ. ಅಲ್ಲಿಯ ಗಣಿತದ ಮೇಷ್ಟರು ಕಂಡರೆ ಅವನಿಗೆ ಇಷ್ಟ. ಮಧ್ಯಾಹ್ನದ ಪಿಜ್ಜಾ ಕಂಡರೆ ಇನ್ನೂ ಇಷ್ಟ. ಮುಂದಿನ ತರಗತಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿತ್ತು, ಬೇಡ ಎಂದ. ಗ್ರಾಮರ್ ಶಾಲೆಯ ಹುಡುಗರು ಬಸ್ ನಿಲ್ದಾಣದಲ್ಲಿ ಕಂಡಾಗ ನಮ್ಮಲ್ಲಿ ಒಬ್ಬರಿಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಯಾರೆಂದು ಇಲ್ಲಿ ಬರೆಯುವುದಿಲ್ಲ.

ಬರುವ ಅಕ್ಟೋಬರಿನಲ್ಲಿ ನೂರಾಹದಿನೆಂಟೋ ಹತ್ತೊಂಬತ್ತೋ ಬಂದ ಮನೆಯವರು ಸಂಕೋಚಪಡದೆ ಫೋನ್ ಮಾಡಿ. ಭಾನುವಾರ ಬೆಳಿಗ್ಗೆ ಆದರೆ ಒಳ್ಳೆಯದು, ಇಬ್ಬರೂ ಮನೆಯಲ್ಲಿರುತ್ತೇವೆ. ಫೈಲನ್ನು ತೋರಿಸುತ್ತೇವೆ, ಬೇಕಾದರೆ ನಕಲು ಮಾಡಿಕೊಳ್ಳಿ. ಹತ್ತು ಹಾಳೆಗಳಿವೆ. ತಾತನ ಹಾಳೆ ಅವನು ತೆಗೆದು ತನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದಾನೆ.