ನಾಯಿಯ ಪಾಲಿನ ನೀರು

ಹಳೇ ಹುಬ್ಬಳ್ಳಿಯ ನಮ್ಮನೇಲಿ ನೀರಿನ ಲೆಕ್ಕ ಪೂರ್ತಿ ಅವ್ವನದು. 2008ರಲ್ಲೇ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನಳ ಬಂತು. ನಮ್ಮ ಓಣಿ ಮಾತ್ರ ಬ್ಯಾರಲ್ ಇಟ್ಕೊಂಡು ಇನ್ನೂ ಮಲಪ್ರಭೆಯ ದಾರಿ ಕಾಯುತ್ತೆ. ಇಂಥದ್ರಲ್ಲಿ ನಾಯಿಗೆಷ್ಟು ನೀರು?

ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 50–60 ಮಿಲಿ. ನಮ್ಮ ಮೋತ್ಯಾ 15 ಕಿಲೋ, ಅಂದ್ರೆ 750ರಿಂದ 900 ಮಿಲಿ. ಏಪ್ರಿಲ್ ಬಿಸಿಲಿಗೆ ಇನ್ನೂ ಜಾಸ್ತಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ; ನಾಲಿಗೆ ಚಾಚಿ ತೇಕಿಯೇ ತಂಪಾಗಬೇಕು, ಆ ತೇಕಿನಲ್ಲೇ ನೀರು ಆವಿಯಾಗಿ ಹೋಗುತ್ತೆ.

ಎಂಟು ದಿನ ನಳ ಬರದಿದ್ರೂ ಅವನ ಪಾಲು ಅರ್ಧ ಕೊಡ ಅಷ್ಟೆ.

"ತಮ್ಮಾ, ಗಾಡಿ ತೊಳಿಯೂದು ಬಿಡು, ಅದಕ್ಕ ನೀರಿಡು. ಅದಕ್ಕ ಬಾಯಿಬಿಟ್ಟು ಕೇಳಾಕ ಬರೂದಿಲ್ಲ" ಅಂದಳು ಅವ್ವ.

ನೀವೂ ಬಾಗಿಲ ಹೊರಗೊಂದು ಬೋಗುಣಿ ಇಡಿ. ಓಣಿ ನಾಯಿಗಳಿಗೂ ಆಯ್ತು.